ಹಾಜರಿ ಒಂಬತ್ತು

ಮೇಜಿನ ತುದಿಗೆ ಹೊಸ ಯಂತ್ರ ಕೂತಿದೆ,
ಕಾಫಿಪುಡಿ ಡಬ್ಬಿಯಷ್ಟು ಎತ್ತರ, ಕಪ್ಪು,
ನೆತ್ತಿಯ ಸುತ್ತ ಕಣ್ಣು.
ಮಾತಾಡಿದವರ ಕಡೆ ತಾನೇ ತಿರುಗುತ್ತದೆ,
ಮಾತಲ್ಲದ್ದನ್ನು ತಾನೇ ಸೋಸುತ್ತದೆ,
ನಡಾವಳಿಯನ್ನೂ ತಾನೇ ಬರೆಯುತ್ತದಂತೆ.
ಹತ್ತೊಂಬತ್ತು ವರ್ಷದಿಂದ ನಡಾವಳಿ ಬರೆಯುವವಳು ನಾನು.
ಅದರ ಪ್ಲಗ್ಗು ಚುಚ್ಚಿದವಳೂ ನಾನೇ.

ಹೀಯುಮಾ ದ್ವೀಪ, ನವೆಂಬರ್,
ಮಧ್ಯಾಹ್ನ ಮೂರಕ್ಕೇ ದೀಪ.
ಕೋಣೆಯಲ್ಲಿ ನಾವು ಎಂಟು ಜನ,
ಕಡಲಾಚೆ ತಾಲಿನ್ನಿನಲ್ಲಿ ಇಲಾಖೆಯವರು ನಾಲ್ವರು,
ಗೋಡೆಯ ಪರದೆಯಲ್ಲಿ ಅವರವರ ಚೌಕದೊಳಗೆ,
ಒಬ್ಬನ ಹೆಗಲ ಮೇಲೆ ಬೆಕ್ಕು.
ಯಂತ್ರ ತಲೆ ಎಣಿಸಿ ಹೇಳಿತು:
ಕೋಣೆಯಲ್ಲಿ ಹಾಜರಿ ಒಂಬತ್ತು.

ಮತ್ತೆ ಎಣಿಸಿದೆವು. ಎಂಟೇ.
ಆಮೇಲೆ ಉರ್ಮಾಸ್ ನಕ್ಕು ಎದುರು ಗೋಡೆ ತೋರಿಸಿದ:
ಪ್ರೀಡು ಕಪ್ತಾನ,
ಮೊದಲ ಹಡಗು ನಡೆಸಿದವನು, ಎಣ್ಣೆಬಣ್ಣದಲ್ಲಿ,
ಸತ್ತು ಅರವತ್ತು ಚಳಿಗಾಲ.
ಅವನ ಮೀಸೆಯ ಸುತ್ತ ಪುಟ್ಟ ಬಿಳಿ ಚೌಕಟ್ಟು ಹಾಕಿ
ಯಂತ್ರ ಕೇಳುತ್ತಿತ್ತು: ಇವರ ಹೆಸರು?
ತಮಾಷೆಗೆ ಬರೆದೆ, ಪ್ರೀಡು ಅಂತ.
ನೆನಪಿಟ್ಟುಕೊಂಡಿತು.

ವಿಷಯ ನಾಲ್ಕು:
ಚಳಿಗಾಲಕ್ಕೆ ಸಣ್ಣ ಹಡಗು ಸಾಕೆಂಬುದು.
ಇಲಾಖೆಯ ಹೆಣ್ಣುಮಗಳು ಅಂಕಿ ಓದಿದಳು,
ಸರಾಸರಿ ಜನ, ಸರಾಸರಿ ಅಲೆ,
ಸರಾಸರಿ ಗಾಳಿ.
ಒಳ್ಳೆಯವಳೇ. ನಡುನಡುವೆ ಕ್ಷಮಿಸಿ ಅನ್ನುತ್ತಿದ್ದಳು.

ಹಿಲ್ಯಾ ಎದ್ದಳು.
ನಮ್ಮ ಮಾತಿನಲ್ಲಿ ಹಿಲ್ಯಾ ಎಂದರೆ 'ತಡವಾಗಿ'.
ಬಂದರಿನ ಟಿಕೆಟ್ ಕಿಂಡಿಯಲ್ಲಿ ಮೂವತ್ತೊಂದು ವರ್ಷ,
ಒಂದು ಬೆಳಗೂ ತಡಮಾಡಿದವಳಲ್ಲ.
ಕಾಗದ ತಂದಿರಲಿಲ್ಲ.
ಯಂತ್ರ ತಿರುಗಿ ಅವಳ ಮುಖವನ್ನು ಹತ್ತಿರಕ್ಕೆ ಎಳೆಯಿತು,
ಉಪ್ಪುಗಾಳಿ ಕೊರೆದ ಗೆರೆಗಳನ್ನೆಲ್ಲ ಸವರಿ
ನುಣುಪು ಮಾಡಿತು.
"ಸರಾಸರಿ ಗಾಳಿಯಲ್ಲಿ ಯಾರೂ ಮುಳುಗುವುದಿಲ್ಲ," ಅಂದಳು.
"ಇದನ್ನು ಕೇಳಿ."
ಹೋಗಿ ಕಿಟಕಿ ತೆರೆದಳು.

ಬಂತು ನೋಡಿ.
ಕಾಗದ ಎಬ್ಬಿಸಿ, ಲೋಟ ಉರುಳಿಸಿ,
ಒಲೆಯ ಕೊಳವೆಯಲ್ಲಿ ಹೂಂಕರಿಸಿ
ನನ್ನ ಹಲ್ಲಿನ ಬೇರಿನವರೆಗೆ ಇಳಿಯಿತು.
ಹೊರಗೆ ಧ್ವಜದ ಕಂಬಕ್ಕೆ ಹಗ್ಗದ ಕೊಂಡಿ
ಟಣ್ ಟಣ್ ಟಣ್ ಬಡಿದುಕೊಳ್ಳುತ್ತಿತ್ತು,
ಯಾರೋ ಬಾಗಿಲು ತೆಗೆಯಿರೆಂದು ಕೂಗಲಾರದೆ ತಟ್ಟಿದ ಹಾಗೆ.
ಒಂದು ನಿಮಿಷ ಅವಳು ಹಾಗೇ ನಿಂತಳು,
ಕೈ ಚಿಲಕದ ಮೇಲೆ.
ನಾವೆಲ್ಲ ಕತ್ತು ತಿರುಗಿಸಿ ಕಿಟಕಿಯನ್ನೇ ನೋಡುತ್ತಿದ್ದೆವು.

ಪರದೆಯಲ್ಲಿ ನಾಲ್ವರೂ ಕಾದರು, ಮರ್ಯಾದೆಯಿಂದ.
ಬೆಕ್ಕು ಆಕಳಿಸಿತು.
"ನಿಮ್ಮ ದನಿ ಬರುತ್ತಿಲ್ಲ," ಅಂದಳು ಆಕೆ,
"ಮೈಕ್ ಮುಚ್ಚಿದೆಯೇನೋ?"

ಮೈಕ್ ತೆರೆದೇ ಇತ್ತು.
ಗಾಳಿ ಮಾತಲ್ಲವೆಂದು ಯಂತ್ರ ಸೋಸಿಹಾಕಿತ್ತು,
ಜರಡಿ ಹಿಡಿದು ತೌಡು ಚೆಲ್ಲಿದ ಹಾಗೆ
ಇಡೀ ಬಾಲ್ಟಿಕ್ ಸಮುದ್ರವನ್ನು.
ಮಾತಾಡುವವರೂ ಇಲ್ಲದೆ
ಅದರ ಕಣ್ಣು ಕೋಣೆಯೆಲ್ಲ ತಡಕಾಡಿ,
ತನ್ನತ್ತ ನೋಡುವ ಒಂದೇ ಮುಖ ಹುಡುಕಿ,
ಪ್ರೀಡುವಿನ ಮೇಲೆ ನಿಂತಿತ್ತು.
ತಾಲಿನ್ನಿನವರು ಆ ನಿಮಿಷ ಪೂರ್ತಿ ನೋಡಿದ್ದು
ಒಬ್ಬ ಮುದುಕ, ನೀಲಿ ಕಣ್ಣು,
ಮೊಳೆಯಲ್ಲಿ ತೂಗುತ್ತ
ಎಡಕ್ಕೆ, ಬಲಕ್ಕೆ, ಎಡಕ್ಕೆ
ಒಲ್ಲೆ ಎಂಬಂತೆ ಆಡುವ ತಲೆ.

ಸಂಜೆಗೆ ನಡಾವಳಿ ಬಂತು,
ಒಂದು ಕಾಗುಣಿತ ತಪ್ಪಿಲ್ಲ.
'ವಿಷಯ ನಾಲ್ಕು. ಹಿಲ್ಯಾ: ಇದನ್ನು ಕೇಳಿ.
ಪ್ರೀಡು ಒಂದು ನಿಮಿಷ ಮೌನ.
ಆಕ್ಷೇಪಣೆ ಇಲ್ಲ.'
ಮೌನವೇ ಸಮ್ಮತಿ ಅಂತ
ಅದಕ್ಕೆ ಯಾರು ಕಲಿಸಿದರೋ.

ತಿದ್ದುವ ಅಧಿಕಾರ ನನಗಿದೆ, ಮಂಗಳವಾರದವರೆಗೆ.
'ಆಕ್ಷೇಪಣೆ ಇಲ್ಲ' ಹೊಡೆದುಹಾಕಿದೆ.
ಆ ಜಾಗದಲ್ಲಿ ಏನು ಬರೆಯಲಿ?
'ಊಊಊ' ಎಂದು ಬರೆದೆ. ಸರಕಾರಿ ಕಾಗದಕ್ಕೆ ಹೊಂದಲಿಲ್ಲ.
'ಸೆಕೆಂಡಿಗೆ ಇಪ್ಪತ್ತಾರು ಮೀಟರ್' ಎಂದು ಬರೆದೆ.
ಅದೂ ಅಂಕಿಯೇ, ಅಳಿಸಿದೆ.
ಹಾಜರಿ ಒಂಬತ್ತು ಅನ್ನುವುದನ್ನು ಮಾತ್ರ
ಹಾಗೇ ಬಿಟ್ಟೆ.

ಕೊನೆಗೆ ಇಷ್ಟು:
ಕಿಟಕಿ ತೆರೆಯಲಾಯಿತು.
ಮುಚ್ಚಲು ಇಬ್ಬರು ಬೇಕಾದರು.